ಅಜ್ಜಿಯ ಹೊಟ್ಟೆಯೊಳಗಿನ ಕಡುಬು

ಗಣೇಶನ ಹಬ್ಬಕ್ಕೆ ಶಿವಮೊಗ್ಗಕ್ಕೆ ಹೋಗಿದ್ದೆವು. ಪೆಂಡಾಲಿನಲ್ಲಿ ಮಕ್ಕಳಿಗೆ ಡ್ರಾಯಿಂಗ್ ಕಾಂಪಿಟೇಶನ್ ಇತ್ತು. ಐದು ವರ್ಷದ ಮಗಳನ್ನೂ ಕೂರಿಸಿದೆ. ಸುತ್ತಲಿನ ಹಾಳೆಗಳಲ್ಲೆಲ್ಲ ಅದೇ ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕದಲ್ಲೊಂದು ತೆಂಗಿನಮರ. ಇವಳು ಅಜ್ಜಿಯನ್ನು ಬರೆದು, ಹೊಟ್ಟೆಯೊಳಗೆ ಮೂರು ಕಡುಬು ಬರೆದಿದ್ದಳು.

"ಹೊಟ್ಟೆ ಒಳಗಿಂದು ಹೊರಗೆ ಕಾಣುತ್ತೇನಮ್ಮಾ? ಅಳಿಸು, ಪ್ರೈಜ್ ಬರಲ್ಲ" ಅಂದರು ಮೇಷ್ಟ್ರು. ಅಳಿಸಿದಳು. ಸಮಾಧಾನಕರ ಬಹುಮಾನವಾಗಿ ಸ್ಟೀಲ್ ಡಬ್ಬಿ ಬಂತು. ಕ್ಯಾಲಿಫೋರ್ನಿಯಾಕ್ಕೆ ವಾಪಸ್ ಬಂದಾಗಿನಿಂದ ಕ್ರೇಯಾನ್ ಮುಟ್ಟುವ ಮೊದಲೇ ಕೇಳುತ್ತಾಳೆ, "ಏನು ಕೊಡ್ತೀಯಾ ಅಪ್ಪಾ?"

ಇಲ್ಲಿನ ಅವಳ ಟೀಚರಿಗೆ ಇದನ್ನು ಹೇಳಿದೆ. ಅವರು ಎಂದೂ "ಚೆನ್ನಾಗಿದೆ" ಅನ್ನುವುದಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು "ಇದರ ಕಥೆ ಹೇಳು" ಅನ್ನುತ್ತಾರೆ. ಮಗು ಹೇಳಿದ್ದನ್ನು ಚಿತ್ರದ ಕೆಳಗೆ ಬರೆದಿಡುತ್ತಾರೆ. ಒಳಗಿನದು ಕಾಣುವ ಇಂಥ ಚಿತ್ರಕ್ಕೆ ಎಕ್ಸ್-ರೇ ಚಿತ್ರ ಅಂತಲೇ ಹೆಸರಿದೆಯಂತೆ. ಕಲಾಶಿಕ್ಷಣ ತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲೇ ಮಕ್ಕಳ ಚಿತ್ರಗಳ ಹಂತಗಳನ್ನು ಪುಸ್ತಕವಾಗಿ ಬರೆದರು. ಈ ವಯಸ್ಸಿನ ಮಗು ಕಂಡದ್ದಕ್ಕಿಂತ ಜಾಸ್ತಿ ತನಗೆ ಗೊತ್ತಿರುವುದನ್ನು ಬರೆಯುತ್ತದೆ. ಅಜ್ಜಿ ಕಡುಬು ತಿಂದದ್ದು ಅವಳಿಗೆ ಗೊತ್ತಿತ್ತು, ಅಷ್ಟೇ.

ಬಹುಮಾನದ ವಿಷಯವೂ ಹಳೆಯದೇ. ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುಶಾಲೆಯಲ್ಲಿ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಮಾಡಿದ ಪ್ರಯೋಗ 1973ರಲ್ಲಿ ಪ್ರಕಟವಾಯಿತು. ಅಲ್ಲಿದ್ದವರು ಸ್ಕೆಚ್ ಪೆನ್ ಕಂಡರೆ ತಾವಾಗಿ ಓಡಿಬರುವ ಮಕ್ಕಳು. ಕೆಲವರಿಗೆ "ಬರೆದರೆ ಸರ್ಟಿಫಿಕೇಟ್ ಕೊಡ್ತೀವಿ" ಅಂತ ಮೊದಲೇ ಹೇಳಿ ಕೊಟ್ಟರು. ಒಂದೆರಡು ವಾರ ಬಿಟ್ಟು ನೋಡಿದರೆ ಆ ಮಕ್ಕಳು ಬರೆಯುತ್ತಿದ್ದ ಹೊತ್ತು ಉಳಿದವರದರ ಅರ್ಧ! ಮೊದಲೇ ಹೇಳದೆ ಕೊಟ್ಟ ಮಕ್ಕಳಿಗೆ ಹಾಗೇನೂ ಆಗಿರಲಿಲ್ಲ.

ಐವತ್ತು ವರ್ಷ ದಾಟಿದೆ. ನಮ್ಮೂರಲ್ಲಿ ಇನ್ನೂ ಮೊದಲು ಪ್ರೈಜಿನ ಟೇಬಲ್ಲೇ ಜೋಡಿಸುತ್ತೇವೆ. ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಆದರೂ ಒಂದು ಮಾತು ಒಪ್ಪಲೇಬೇಕು. ಪಕ್ಕದ ಮನೆಯ ಹುಡುಗ ಇಲ್ಲೇ, ಮಗಳ ಟೀಚರಿನ ಇದೇ ಪದ್ಧತಿಯಲ್ಲಿ ಬೆಳೆದವನು. ಹತ್ತಕ್ಕೆ ಬಂದಾಗ "ನಂಗೆ ಕೈ ಬರೆಯೋಕೇ ಬರಲ್ಲ" ಅಂತ ಚಿತ್ರ ಬಿಟ್ಟ. ಅವನಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. ಮಕ್ಕಳು ಬೇರೆಯವರ ಚಿತ್ರ ನೋಡಿ ಬರೆದೇ ಕಲಿಯುತ್ತಾರೆ ಅಂತ ಕಲಾಶಿಕ್ಷಣ ಸಂಶೋಧಕರಾದ ಬ್ರೆಂಟ್ ಮತ್ತು ಮಾರ್ಜರಿ ವಿಲ್ಸನ್ 1977ರಲ್ಲಿ ವಾದಿಸಿದ್ದರು. ನನ್ನ ಅಮ್ಮನ ರಂಗೋಲಿ ಪುಸ್ತಕ ಪೂರ್ತಿ ನೆರೆಮನೆಯವರಿಂದ ನೋಡಿ ಬರೆದುಕೊಂಡದ್ದೇ ಅಲ್ವಾ?

ಹೋದ ಶನಿವಾರ ಅಮ್ಮ ವಿಡಿಯೋ ಕಾಲ್‌ನಲ್ಲಿ ಮೊಮ್ಮಗಳಿಗೆ ಏಳು ಚುಕ್ಕಿ ಇಡಿಸಿದರು, ನಾಲ್ಕರ ತನಕ, ಸಂದುಚುಕ್ಕಿ. ಗೆರೆ ಮೂರು ಸಲ ತಪ್ಪಿತು. ಅವಳು ರಬ್ಬರ್ ಹುಡುಕಿದಳು.

"ಅಳಿಸ್ಬೇಡ ಪುಟ್ಟೀ" ಅಂದರು ಅಮ್ಮ, "ಪಕ್ಕದಲ್ಲಿ ಇನ್ನೊಂದು ಹಾಕು."