ಯಾರ ಕೈ, ಯಾರ ತಲೆ

ಕೊಚ್ಚಿ, ಕೇಂಬ್ರಿಜ್, ಡರ್ಬನ್, ವ್ಯಾಂಕೂವರ್, ಹಿರೋಷಿಮಾ. ಟೂರ್ ಪ್ಯಾಕೇಜ್ ಅಲ್ಲ ಸ್ವಾಮಿ, ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿನ ಪರಂಪರೆಯ) ಮತ್ತು ರಿಫಾರ್ಮ್ಡ್ (ಕ್ಯಾಲ್ವಿನ್ ಪರಂಪರೆಯ) ಕ್ರೈಸ್ತ ಸಭೆಗಳು 2015ರಿಂದ 2019ರ ತನಕ ಕೂತು ಸಂವಾದ ನಡೆಸಿದ ಊರುಗಳು. 2020ರಲ್ಲಿ ವರದಿ ಹೊರಬಿತ್ತು: ಅನ್ಯೋನ್ಯತೆ ದೇವರ ವರವಂತೆ, ಕರೆಯೂ ಹೌದಂತೆ. ಹಿಂದಿನ ಆಯೋಗದ ವರದಿ 1984ರದ್ದು. ಎರಡನೆಯದು ಕೂರಲು 31 ವರ್ಷ! ಇಂಥ ಸಂಯಮ ನಮ್ಮ ತಾಲ್ಲೂಕು ಕಚೇರಿಗಳಿಗೂ ಒಲಿದಿಲ್ಲ.

ಜಗಳ ದೇವರದ್ದಲ್ಲ. ಬೈಬಲ್, ತ್ರಯೈಕತ್ವ, ದೀಕ್ಷಾಸ್ನಾನ ಎಲ್ಲ ಇಬ್ಬರಿಗೂ ಒಪ್ಪಿಗೆ. ತಕರಾರಿರುವುದು ಕೈಯದ್ದು. ಆಂಗ್ಲಿಕನ್ ಲೆಕ್ಕದಲ್ಲಿ ಪಾದ್ರಿಯ ತಲೆಯ ಮೇಲೆ ಬಿಷಪ್ ಕೈಯಿಡಬೇಕು. ಆ ಬಿಷಪ್ಪರ ತಲೆಯ ಮೇಲೆ ಕನಿಷ್ಠ ಮೂವರು ಬಿಷಪ್ಪರು ಕೈಯಿಟ್ಟಿರಬೇಕು. ಹೀಗೇ ಹಿಂದಕ್ಕೆ ಹೋದರೆ ಅಪೊಸ್ತಲರು, ಅಂದರೆ ಯೇಸುವಿನ ಶಿಷ್ಯರು. ರಿಫಾರ್ಮ್ಡ್ ಕಡೆಯ ಪ್ರೆಸ್ಬಿಟೇರಿಯನ್ನರಲ್ಲಿ ಬಿಷಪ್ಪರೇ ಇಲ್ಲ. ಸಭಾಪಾಲಕರೂ ಹಿರಿಯರೂ ಸೇರಿದ ಪ್ರೆಸ್ಬಿಟರಿ ಎಂಬ ಮಂಡಳಿಯೇ ಪಾದ್ರಿ ದೀಕ್ಷೆ ಕೊಡುತ್ತದೆ. ಹಾಗಾದರೆ ಆ ಪಾದ್ರಿ ಹರಸಿದ ರೊಟ್ಟಿ, ದ್ರಾಕ್ಷಾರಸ ನಡೆಯುತ್ತದೋ ಇಲ್ಲವೋ? ನಾಲ್ಕು ಖಂಡ ಸುತ್ತಿದರೂ ಬಗೆಹರಿದಿಲ್ಲ.

ಧಾರವಾಡ, ಮಂಗಳೂರಿನ ಸಿಎಸ್‌ಐ (ಆಂಗ್ಲಿಕನ್, ಪ್ರೆಸ್ಬಿಟೇರಿಯನ್ ಮೊದಲಾದ ಪಂಗಡಗಳು ಕೂಡಿದ ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರಿಗೆ ಇದು ಹಳೇ ಕತೆ. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಶುರುವಾದ ಐಕ್ಯದ ಮಾತು 28 ವರ್ಷ ಎಳೆದು, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ದಡ ಮುಟ್ಟಿತು. ಉಪಾಯ ಸರಳವಾಗಿತ್ತು. ಇರುವ ಪಾದ್ರಿಗಳಿಗೆ ಇದ್ದ ದೀಕ್ಷೆಯೇ ಸಾಕು, ಮತ್ತೆ ಕೈಯಿಡುವ ಮಾತಿಲ್ಲ; ಮುಂದೆ ಬರುವವರಿಗೆ ಬಿಷಪ್ಪರ ಕೈ. ಮೂವತ್ತು ವರ್ಷದೊಳಗೆ ಹಳಬರು ನಿವೃತ್ತರಾಗುತ್ತಾರೆ, ತಕರಾರೂ ನಿವೃತ್ತವಾಗುತ್ತದೆ. ಪ್ರೆಸ್ಬಿಟೇರಿಯನ್ ಸಭೆಯಾದ ಚರ್ಚ್ ಆಫ್ ಸ್ಕಾಟ್ಲೆಂಡಿನ ಮಿಷನರಿ ಲೆಸ್ಲಿ ನ್ಯೂಬಿಗಿನ್ ಅಂದೇ ಬಿಷಪ್ಪರಾದರು.

ಇಂಗ್ಲೆಂಡ್ ಹಿಗ್ಗಿತೇ? ಷರತ್ತು ಬರೆಯಿತು. ಸಿಎಸ್‌ಐ ಪಾದ್ರಿ ಅಲ್ಲಿನ ಆಂಗ್ಲಿಕನ್ ಸಭೆಯಲ್ಲಿ ಕರ್ತನ ಭೋಜನ (ಅದೇ ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ) ನಡೆಸಬೇಕಾದರೆ ಬಿಷಪ್ ಕೈಯಿಟ್ಟವನೇ ಆಗಿರಬೇಕು; ಆ ದೇಶದಲ್ಲಿರುವಷ್ಟು ದಿನ ಬೇರೆ ಪಂಗಡದವರಿಗೆ ಅದನ್ನು ನಡೆಸಿಕೊಡಕೂಡದು. ಈ ಜಗಳ ನಮ್ಮೂರಲ್ಲಿ ಹುಟ್ಟಿದ್ದಲ್ಲ, ಹಡಗಿನಲ್ಲಿ ಬಂದದ್ದು. ತಂದವರೇ, ಅದನ್ನು ಬಿಟ್ಟವರನ್ನು ಅನುಮಾನದಿಂದ ನೋಡಿದರು. ನಗೋಣವೆಂದರೂ ನಗು ಬರುವುದಿಲ್ಲ.

ಹಾಗಂತ ನಾವೇನು ಸಂತರಲ್ಲ. ಸಿಎಸ್‌ಐ ಮಾಡರೇಟರ್ (ಸಭೆಯ ಮುಖ್ಯಸ್ಥ) ಚುನಾವಣೆ ಮದ್ರಾಸ್ ಹೈಕೋರ್ಟಿನ ಮೆಟ್ಟಿಲೇರಿದ್ದು ಎಲ್ಲರಿಗೂ ಗೊತ್ತು. ಅಲ್ಲಿ ಚರ್ಚೆಯಾದದ್ದು ಅಪೊಸ್ತಲರಲ್ಲ, ನಿವೃತ್ತಿ ವಯಸ್ಸು.

ಬ್ರಿಟಿಷ್ ಅರಸರ ಪಾಡು ನೋಡಿ. ಲಂಡನ್ನಿನಲ್ಲಿ ಅವರು ಚರ್ಚ್ ಆಫ್ ಇಂಗ್ಲೆಂಡಿನ ಪರಮಾಧಿಕಾರಿ. ಸ್ಕಾಟ್ಲೆಂಡಿನ ಬಾಲ್ಮೋರಲ್ ಅರಮನೆಗೆ ಬಂದರೆ ಭಾನುವಾರ ಕ್ರಾಥಿಯ ಪ್ರೆಸ್ಬಿಟೇರಿಯನ್ ಸಭೆಯ ಬೆಂಚಿನಲ್ಲಿ ಸಾದಾ ಭಕ್ತ. 2022ರಲ್ಲಿ ಮೂರನೆಯ ಚಾರ್ಲ್ಸ್, ಸ್ಕಾಟ್ಲೆಂಡಿನ ಸಭೆಯನ್ನು ಕಾಪಾಡುತ್ತೇನೆಂದು ಪ್ರಮಾಣವನ್ನೂ ಮಾಡಿದರು. ಗಡಿ ದಾಟಿದರೆ ಸಭೆ ಬದಲು, ಆಯೋಗ ಬೇಕಿಲ್ಲ, ವರದಿ ಬೇಕಿಲ್ಲ.

ಪ್ರಜೆಗಳಿಗೆ ಆ ಸೌಲಭ್ಯವಿಲ್ಲ. ಪ್ರೆಸ್ಬಿಟರಿಯೊಳಗೇ ಒಬ್ಬ ಬಿಷಪ್ಪರನ್ನು ಕೂರಿಸೋಣ ಎಂಬ ಸಲಹೆ 1957ರಲ್ಲಿ ಬಂದಾಗ ಸ್ಕಾಟಿಷ್ ಡೈಲಿ ಎಕ್ಸ್‌ಪ್ರೆಸ್ ಪತ್ರಿಕೆ ಸಮರವನ್ನೇ ಸಾರಿತು. 1959ರಲ್ಲಿ ಚರ್ಚ್ ಆಫ್ ಸ್ಕಾಟ್ಲೆಂಡಿನ ಮಹಾಸಭೆ ಅದನ್ನು ತಳ್ಳಿಹಾಕಿತು. 1982ರಲ್ಲಿ ಇಂಗ್ಲೆಂಡಿನ ಸಭೆಗಳು ಹತ್ತಿರವಾಗಲೆಂದು ಬರೆದ ಒಡಂಬಡಿಕೆ, ಚರ್ಚ್ ಆಫ್ ಇಂಗ್ಲೆಂಡಿನ ಪಾದ್ರಿಗಳ ಸದನದಲ್ಲಿ ಮೂರನೇ ಎರಡರಷ್ಟು ಮತ ಸಿಗದೆ ಬಿತ್ತು. 2016ರಲ್ಲಿ ಎರಡೂ ದೇಶದ ಸಭೆಗಳು ಕೊಲಂಬಾ ಘೋಷಣೆಯನ್ನು ಒಪ್ಪಿದವು. ಸ್ಕಾಟ್ಲೆಂಡಿನಲ್ಲೇ ಇರುವ ಆಂಗ್ಲಿಕನ್ನರನ್ನು ಮಾತ್ರ ಸಹಿಗೆ ಕರೆದಿರಲಿಲ್ಲ, ಅವರು ನೊಂದುಕೊಂಡರು. ಪರಸ್ಪರರ ಸಭೆ ನಿಜವಾದ ಸಭೆಯೇ, ಸಂಸ್ಕಾರವೂ ನಿಜವೇ ಎಂದು ಘೋಷಣೆಯಲ್ಲಿದೆ. ಪಾದ್ರಿಗಳನ್ನು ಅದಲುಬದಲು ಮಾಡಿಕೊಳ್ಳಬಹುದು ಎಂಬುದು ಮಾತ್ರ ಇಲ್ಲ.