ಹೊಸ ವೀಡ್ ಕಟರ್‌ನ ಮೊದಲ ಸರ್ವೀಸು ಮನೆಯಂಗಳದಲ್ಲೇ ಆಗಲಿ

ಮಳೆ ಹಿಡಿಯುವ ಹೊತ್ತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಎಷ್ಟೋ ಮನೆಗಳಿಗೆ ಹುಲ್ಲು ಸವರುವ ಹೊಸ ವೀಡ್ ಕಟರ್ ಬರುತ್ತದೆ. ಪೆಟ್ರೋಲ್ ಹಾಕಿ ತೋಟಕ್ಕೋ ಹುಲ್ಲು ಬೆಳೆಯುವ ಬೇಣಕ್ಕೋ ಇಳಿಸಿದ ಮೇಲೆ ಅದರ ಆರೈಕೆಯ ನೆನಪಾಗುವುದು ಸ್ಟಾರ್ಟ್ ಆಗದೇ ಹೋದ ದಿನವೇ. ಫೋರ್ ಸ್ಟ್ರೋಕ್ ಯಂತ್ರದ (ಆಯಿಲನ್ನು ಪೆಟ್ರೋಲಿಗೆ ಬೆರೆಸದೆ ಇಂಜಿನ್ನಿಗೆ ಬೇರೆಯಾಗಿ ಹಾಕುವಂಥದ್ದು) ಬಾಳಿಕೆ ನಿಂತಿರುವುದು ಮೊದಲ 10 ಗಂಟೆಯ ನಂತರದ ಆಯಿಲ್ ಬದಲಾವಣೆಯ ಮೇಲೆ. ಅದನ್ನು ಡೀಲರ್ ಮಾಡಲಿ ಎಂದು ಕಾಯದೆ ನಾವೇ ಮಾಡಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಡೀಲರ್‌ಗೆ ಕೆಲಸ ಬರುವುದಿಲ್ಲ ಎಂದಲ್ಲ. ಆದರೆ ವಾನಳ್ಳಿಯಿಂದಲೋ ಹೆಗಡೆಕಟ್ಟಾದಿಂದಲೋ ಯಂತ್ರವನ್ನು ಪೇಟೆಗೆ ಒಯ್ಯಬೇಕು, ಸೀಸನ್ನಿನಲ್ಲಿ ಸರತಿಗೆ ಬಿಟ್ಟು ಬರಬೇಕು. ಹುಲ್ಲು ಅಷ್ಟು ದಿನ ಕಾಯುವುದಿಲ್ಲ. ‘ಈ ತೋಟ ಒಂದು ಮುಗಿದುಬಿಡಲಿ’ ಎನ್ನುತ್ತ 10 ಗಂಟೆಯದು 40ಕ್ಕೆ ಹೋಗುತ್ತದೆ. ಇಂಜಿನ್ ಹಾಳಾಗುವುದು ಈ ಮುಂದೂಡಿಕೆಯಲ್ಲಿ.

ನಮ್ಮ ಕಡೆ ಬಹಳ ಓಡುವ ಹೋಂಡಾ ಜಿಎಕ್ಸ್35 ಇಂಜಿನ್ನನ್ನೇ ತೆಗೆದುಕೊಳ್ಳಿ. ಅದಕ್ಕೆ ಗಂಟೆ ತೋರಿಸುವ ಮೀಟರ್ ಇಲ್ಲ. ಟ್ಯಾಂಕ್ 0.63 ಲೀಟರಿನದು, ಒಂದು ಟ್ಯಾಂಕ್ ಹೆಚ್ಚುಕಡಿಮೆ ಒಂದು ಗಂಟೆಯ ಕೆಲಸ. ಕೊಟ್ಟಿಗೆ ಗೋಡೆಯ ಮೇಲೆ ಟ್ಯಾಂಕಿಗೊಂದು ಗೆರೆ ಎಳೆಯಿರಿ. ಹತ್ತನೆಯ ಗೆರೆ ಬಿದ್ದ ದಿನ ಅಥವಾ ಒಂದು ತಿಂಗಳಾದ ದಿನ, ಯಾವುದು ಮೊದಲೋ ಅಂದು ಆಯಿಲ್ ತೆಗೆಯಿರಿ.

ಈ ಇಂಜಿನ್ ಹಿಡಿಯುವ ಆಯಿಲ್ ಬರೀ 100 ಮಿ.ಲೀ. ಹೊಸ ಪಿಸ್ಟನ್, ರಿಂಗ್, ಗೇರುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಸವೆದ ಲೋಹದ ಪುಡಿಯೆಲ್ಲ ಇಷ್ಟರಲ್ಲೇ ಸುತ್ತುತ್ತಿರುತ್ತದೆ. ಅದನ್ನು ಹಿಡಿದಿಡಲು ಕಾರಿಗಿರುವಂಥ ಆಯಿಲ್ ಫಿಲ್ಟರ್ ಇಲ್ಲಿಲ್ಲ. ಮೇಲಾಗಿ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸಿ ಮುಚ್ಚಿಸುವ ಇದರ ಟೈಮಿಂಗ್ ಬೆಲ್ಟ್ ಕೂಡ ಅದೇ ಆಯಿಲ್‌ನಲ್ಲಿ ಓಡುತ್ತದೆ. ಇಂಜಿನ್ನನ್ನು ಐದು ನಿಮಿಷ ಓಡಿಸಿ ಬೆಚ್ಚಗಾದ ಮೇಲೆ ನಿಲ್ಲಿಸಿ. ಪೆಟ್ರೋಲ್ ಮುಚ್ಚಳ ಬಿಗಿಯಾಗಿದೆಯೇ ನೋಡಿಕೊಂಡು, ಆಯಿಲ್ ಮುಚ್ಚಳ ತೆಗೆದು, ಆ ಬಾಯಿಯ ಕಡೆಗೇ ವಾಲಿಸಿ ಬಿಳಿ ಬಟ್ಟಲಿಗೆ ಬಸಿಯಿರಿ. ಬಟ್ಟಲನ್ನು ಬಿಸಿಲಿಗೆ ಹಿಡಿದು ಅಲುಗಿಸಿದರೆ ಬೂದು ಬಣ್ಣದ ಎಣ್ಣೆಯೊಳಗೆ ಸಣ್ಣ ಮಿಂಚು ಕಾಣುತ್ತದೆ. ಅಷ್ಟು ಸಹಜ. ಉಗುರಿಗೆ ಸಿಗುವಂಥ ಚೂರು ಬಂದರೆ ಮಾತ್ರ ಯಂತ್ರವನ್ನು ಮತ್ತೆ ಓಡಿಸದೆ ಸೀದಾ ಡೀಲರ್ ಹತ್ತಿರ ಒಯ್ಯಿರಿ.

ಹಾಕಬೇಕಾದದ್ದು 10ಡಬ್ಲ್ಯೂ-30 ಫೋರ್ ಸ್ಟ್ರೋಕ್ ಆಯಿಲ್. ಸಿರಿಂಜಿನಲ್ಲಿ ಅಳೆದು ಹಾಕಿ, ಇಂಜಿನ್ ಸಮತಟ್ಟಾಗಿದ್ದಾಗ ಆಯಿಲ್ ಬಾಯಿಯ ಅಂಚಿಗೆ ಬಂದರೆ ಸಾಕು. ‘ಇರಲಿ ಇನ್ನೊಂಚೂರು’ ಎಂದು ವಾಲಿಸಿ ತುಂಬಿದರೆ ಹೆಚ್ಚಿನದು ಏರ್ ಫಿಲ್ಟರಿಗೆ ನುಗ್ಗಿ ಬಿಳಿ ಹೊಗೆ ಬರುತ್ತದೆ, ಕಿಡಿ ಹಾರಿಸುವ ಪ್ಲಗ್ ಕಟ್ಟುತ್ತದೆ. ಕಡಿಮೆಯಾದರೆ ಇಂಜಿನ್ ಸೀಜ್, ಎಂದರೆ ಒಳಗೇ ಹಿಡಿದುಕೊಂಡು ನಿಂತುಬಿಡುತ್ತದೆ. ಬಸಿದ ಎಣ್ಣೆಯನ್ನು ದಯವಿಟ್ಟು ತೋಟದ ಬಸಿಗಾಲುವೆಗೆ ಚೆಲ್ಲಬೇಡಿ. ಆ ನೀರು ಕೊನೆಗೆ ಸೇರುವುದು ಶಾಲ್ಮಲೆಗೋ ಅಘನಾಶಿನಿಗೋ. ಬಾಟಲಿಗೆ ತುಂಬಿ ಗ್ಯಾರೇಜಿಗೆ ಕೊಡಿ.

ಇಂಜಿನ್ ತಣಿದ ಮೇಲೆ ಸೈಲೆನ್ಸರ್, ಹ್ಯಾಂಡಲ್, ಪೈಪ್ ಕೂಡುವ ಜಾಗದ ಬೋಲ್ಟುಗಳಿಗೆಲ್ಲ ಒಮ್ಮೆ ಪಾನಾ ಹಾಕಿ ನೋಡಿ. ಹೊಸತರ ನಡುಕಕ್ಕೆ ಇವು ಸಡಿಲವಾಗುತ್ತವೆ. ಪ್ಲಗ್ ಬಿಚ್ಚಿದರೆ ಅದರ ತುದಿಯಲ್ಲಿ ಕಿಡಿ ಹಾರುವ ಗ್ಯಾಪ್ 0.6ರಿಂದ 0.7 ಮಿ.ಮೀ. ಇರಬೇಕು. ಮಳೆಗಾಲದ ಹಸಿ ಹುಲ್ಲು ಇಂಜಿನ್ ತಣಿಸುವ ರೆಕ್ಕೆಗಳ ಸಂದಿಗೆ ಮೆತ್ತಿ ಒಣಗಿದರೆ ಗಾಳಿ ಆಡುವುದಿಲ್ಲ. ಹಳೆಯ ಟೂತ್‌ಬ್ರಷ್ಷಿನಿಂದ ಕೆರೆದು ತೆಗೆಯಿರಿ, ನೀರಿನ ಪೈಪ್ ಹಿಡಿಯಬೇಡಿ. ಸ್ಪಂಜಿನ ಏರ್ ಫಿಲ್ಟರನ್ನು ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಹೊಸ ಇಂಜಿನ್ ಆಯಿಲ್‌ನಲ್ಲಿ ಅದ್ದಿ ಚೆನ್ನಾಗಿ ಹಿಂಡಿ.

ಹೆಚ್ಚಿನವರು ಮರೆಯುವುದು ಬ್ಲೇಡಿನ ಮೇಲಿರುವ ಗೇರ್ ಹೆಡ್ಡನ್ನು. ಅದರ ಪಕ್ಕದ ಬೋಲ್ಟ್ ತೆಗೆದು ಒಳಗೆ ಗ್ರೀಸ್ ಕಾಣದಿದ್ದರೆ ಲಿಥಿಯಂ ಗ್ರೀಸನ್ನು ಸ್ವಲ್ಪ ಸ್ವಲ್ಪವೇ ಒತ್ತಿ. ಇಂಜಿನ್ ನಿಂತಿರಲಿ, ಪ್ಲಗ್ ಕ್ಯಾಪ್ ಕಿತ್ತಿಡಿ, ಬ್ಲೇಡನ್ನು ಬಿಚ್ಚಿಟ್ಟು ಅದು ಕೂರುವ ಹೋಲ್ಡರನ್ನು ಕೈಯಲ್ಲಿ ತಿರುಗಿಸುತ್ತಿರಿ. ಬಾಯಿತನಕ ಗಿಡಿದರೆ ಬಿಸಿಗೆ ಉಬ್ಬಿ ಸೀಲ್ ಒಡೆದು ಹೊರಬರುತ್ತದೆ. ಬ್ಲೇಡಿನ ನಟ್ಟು ಎಡ ಮರೆಯದ್ದು, ಎಂದರೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಇದು ಗೊತ್ತಿಲ್ಲದೆ ಸುತ್ತಿಗೆ ಹಿಡಿದು ಥ್ರೆಡ್ ಕಳೆದವರು ಊರಿಗೊಬ್ಬರಾದರೂ ಸಿಗುತ್ತಾರೆ.

ಪೆಟ್ರೋಲ್ ವಿಷಯದಲ್ಲಿ ಟೂ ಸ್ಟ್ರೋಕ್, ಫೋರ್ ಸ್ಟ್ರೋಕ್ ಎರಡೂ ಇರುವ ಮನೆಯವರು ಕ್ಯಾನಿನ ಮೇಲೆ ಬರೆದಿಡಲೇಬೇಕು. ಫೋರ್ ಸ್ಟ್ರೋಕಿಗೆ ಬರೀ ಪೆಟ್ರೋಲ್. 50ಕ್ಕೆ 1 ಎಂದಿರುವ ಟೂ ಸ್ಟ್ರೋಕಿಗೆ ಲೀಟರಿಗೆ 20 ಮಿ.ಲೀ. ಟೂ-ಟಿ ಆಯಿಲ್. ಅದು ಬೆರೆಸದ ಪೆಟ್ರೋಲಿನಲ್ಲಿ ಟೂ ಸ್ಟ್ರೋಕ್ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳಲು ಹೊತ್ತು ಬೇಕಿಲ್ಲ. ಇನ್ನು ಈಗಿನ ಎಥೆನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ, ನಮ್ಮ ಮಳೆಗಾಲದ ಗಾಳಿಯಲ್ಲಿ ತೇವಕ್ಕೇನು ಕೊರತೆ? ವಾರಗಟ್ಟಲೆ ಇಡುವುದಾದರೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಮುಗಿದು ತಾನಾಗಿ ಆರುವವರೆಗೆ ಓಡಿಸಿ.

ಡೀಲರ್‌ಗೇ ಬಿಡಬೇಕಾದ ಕೆಲಸಗಳೂ ಇವೆ. ವಾಲ್ವ್ ಕ್ಲಿಯರೆನ್ಸ್, ಎಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು, ಗಾಳಿ ಒಳಬರುವ ಇಂಟೇಕಿಗೆ 0.08, ಹೊಗೆ ಹೊರಹೋಗುವ ಎಕ್ಸಾಸ್ಟಿಗೆ 0.11 ಮಿ.ಮೀ.; ಸಂದು ಅಳೆಯುವ ಫೀಲರ್ ಗೇಜ್ ಹಿಡಿದು ರೂಢಿ ಇಲ್ಲದವರು ಕೈ ಹಾಕಬಾರದು, 10 ಗಂಟೆಗೆ ಅದರ ಅಗತ್ಯವೂ ಇಲ್ಲ. ಆಕ್ಸಿಲರೇಟರ್ ಬಿಟ್ಟ ಮೇಲೂ ಬ್ಲೇಡ್ ತಿರುಗುತ್ತಿದ್ದರೆ ಐಡ್ಲಿಂಗ್ ಹೆಚ್ಚಿದೆ ಅಥವಾ ಕ್ಲಚ್ ಸ್ಪ್ರಿಂಗ್ ಹೋಗಿದೆ. ಅಂಥ ಯಂತ್ರವನ್ನು ಆಳಿನ ಕೈಗೆ ಕೊಡಲೇಬೇಡಿ, ಮೊದಲು ರಿಪೇರಿ ಆಗಲಿ.

ವಾರಂಟಿ ಕಾರ್ಡಿನಲ್ಲಿ ಮೊದಲ ಸರ್ವೀಸಿಗೆ ಡೀಲರ್ ಸೀಲು ಬೇಕು ಎಂದಿದೆಯೇ ಎಂಬುದನ್ನು ಖರೀದಿಯ ದಿನವೇ ಕೇಳಿ. ಬೇಕೆಂದರೆ ಉಚಿತ ಕೂಪನ್ ಬಳಸಿ, ಆದರೆ ಆಯಿಲ್ ಬಸಿಯುವಾಗ ಪಕ್ಕದಲ್ಲೇ ನಿಂತಿರಿ. ಬೇಡವೆಂದರೆ ಆಯಿಲ್ ಖರೀದಿಸಿದ ಬಿಲ್ಲಿನ ಹಿಂದೆ ಬದಲಿಸಿದ ತಾರೀಖು ಬರೆದು ಕಾರ್ಡಿನ ಜೊತೆ ಪಿನ್ ಮಾಡಿಡಿ. ಮುಂದಿನ ಬದಲಾವಣೆ 50 ಗಂಟೆಗೆ ಅಥವಾ ಆರು ತಿಂಗಳಿಗೆ. ಮಳೆಗಾಲದಲ್ಲಿ ಶುರು ಮಾಡಿದವರಿಗೆ ಅದು ಅಡಿಕೆಯ ಕೊನೆಕೊಯ್ಲಿನ ಮುಂಚಿನ ಹುಲ್ಲು ಸವರುವ ಹೊತ್ತಿಗೇ ಬರಬಹುದು. ಆಗ ಅಂಗಡಿಗೆ ಓಡುವ ಬದಲು ಈಗಲೇ ಒಂದು ಲೀಟರ್ ಡಬ್ಬಿ ತಂದಿಟ್ಟುಕೊಳ್ಳಿ.