ಕುಸುಬಿ ಬೆಳೆಯುವ ಊರಿಗೆ ಸಾಲ್ಮನ್ ಎಣ್ಣೆ

ವಿಜಯಪುರದಲ್ಲಿರುವ ನಮ್ಮ ಅಣ್ಣನ ಮಗ ಒಂದು ಲ್ಯಾಬ್ರಡಾರ್ ಸಾಕಿದ್ದಾನೆ. ಅದರ ಕೂದಲು ಮಂಕಾಗಿ ಉದುರುತ್ತಿದೆ ಅಂತ ಮೊನ್ನೆ ವಾಟ್ಸಾಪ್‌ನಲ್ಲಿ ಒಂದು ಬಾಟಲಿಯ ಫೋಟೋ ಕಳಿಸಿದ. ಹೊರದೇಶದ ಸಾಲ್ಮನ್ ಎಣ್ಣೆ. ಆ ದುಡ್ಡಿಗೆ ಮನೆಮಂದಿಗೆಲ್ಲ ಸಾಕಾಗುವಷ್ಟು ಗಾಣದ ಎಣ್ಣೆ ಬರುತ್ತೆ. ಮೊದಲು ಅದರ ಊಟಕ್ಕೆ ಒಂದು ಚಮಚ ಕುಸುಬಿ ಎಣ್ಣೆ ಹಾಕಿ ನೋಡು ಅಂದೆ. "ಕಾಕಾ, ಜರ್ಮನಿಯೊಳಗ ಇದ್ದು ನೀವೂ ಕುಸುಬಿ ಎಣ್ಣಿ ಅಂತೀರಲ್ರಿ!" ಅಂದ. ಸಣ್ಣ ಮಾತು. ಆದರೂ ಚುಚ್ಚಿತು.

ಚುಚ್ಚಿದ್ದು ಯಾಕೆಂದರೆ, ನನಗೆ ಈ ಎಣ್ಣೆ ಹೇಳಿದ್ದು ಜರ್ಮನಿಯ ಡಾಕ್ಟರೇ. ಸ್ಟುಟ್‌ಗಾರ್ಟ್‌ನ ಚಳಿಗಾಲದಲ್ಲಿ ಮನೆಯೊಳಗೆ ಹೀಟರ್ ಉರಿದು ಗಾಳಿಯೆಲ್ಲ ಒಣಗಿರುತ್ತೆ. ನಮ್ಮ ನಾಯಿಯ ಬೆನ್ನ ಮೇಲೆ ಹೊಟ್ಟು ಎದ್ದಿತ್ತು. ಡಾಕ್ಟರಮ್ಮ ಮೊದಲಿಗೆ ಎಣ್ಣೆ ಮಾತೇ ಎತ್ತಲಿಲ್ಲ. ಸಣ್ಣ ಹಣಿಗೆಯಲ್ಲಿ ಬೆನ್ನು ಬಾಚಿ, ಉದುರಿದ್ದನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಉದುರಿಸಿದರು. ಚಿಗಟದ ಹಿಕ್ಕೆ ಇದ್ದರೆ ಅದರಲ್ಲಿರೋ ರಕ್ತ ಕರಗಿ ಕಾಗದದ ಮೇಲೆ ಕೆಂಪು ಕಲೆ ಏಳುತ್ತೆ. ಏಳಲಿಲ್ಲ. ಆಮೇಲೆ ಊಟ ಏನು ಅಂತ ಕೇಳಿದರು. ಅನ್ನ, ಚರ್ಮ ತೆಗೆದ ಕೋಳಿ, ಗಜ್ಜರಿ. "ಇದರಲ್ಲಿ ಕೊಬ್ಬೇ ಇಲ್ಲವಲ್ಲ" ಅಂದರು.

ನಾಯಿಯ ಚರ್ಮದ ಮೇಲ್ಪದರ ನೀರಿನಂಶ ಹಿಡಿದಿಡಬೇಕಾದರೆ ಲಿನೋಲಿಯಿಕ್ ಆಮ್ಲ ಬೇಕು. ಅದು ಒಮೆಗಾ 6 ಗುಂಪಿನ ಕೊಬ್ಬು. ನಾಯಿಯ ಮೈ ಅದನ್ನು ತಾನಾಗಿ ತಯಾರಿಸಲಾರದು, ಊಟದಿಂದಲೇ ಸಿಗಬೇಕು. ಅದಕ್ಕೆ ಅವರು ಹೇಳಿದ ಎಣ್ಣೆಯನ್ನು ಹುಡುಕಿಕೊಂಡು ಸೂಪರ್ ಮಾರ್ಕೆಟ್ಟಿಗೆ ಹೋದೆ. ಬಾಟಲಿ ಮೇಲೆ ಮುಳ್ಳಿನ ನಡುವೆ ಅರಳಿದ ಹಳದಿ ಕೇಸರಿ ಹೂವು. ನಮ್ಮ ಹಿಂಗಾರಿ ಹೊಲದ ಕುಸುಬಿ! ದನ ಒಳಗೆ ನುಗ್ಗಬಾರದು ಅಂತ ಅಪ್ಪ ಜೋಳದ ಹೊಲದ ಅಂಚಿಗೆ ಬಿತ್ತುತ್ತಿದ್ದ ಅದೇ ಕುಸುಬಿ. ಅಂಗಡಿಯಲ್ಲಿ ನಿಂತಲ್ಲೇ ಊರಿನ ಎರೆ ಮಣ್ಣಿನ ವಾಸನೆ ಬಂದಹಾಗಾಯ್ತು.

ನೂರು ಗ್ರಾಂ ಕುಸುಬಿ ಎಣ್ಣೆಯಲ್ಲಿ ಸುಮಾರು 75 ಗ್ರಾಂ ಲಿನೋಲಿಯಿಕ್ ಇರುತ್ತೆ. ಕೊಬ್ಬರಿ ಎಣ್ಣೆಯಲ್ಲಿ ಎರಡು ಗ್ರಾಂ ಇದ್ದರೆ ಹೆಚ್ಚು. ಕರಿಯೋಕೆ ಅಂತಲೇ ಬರುವ ಹೈ ಒಲೀಯಿಕ್ ಕುಸುಬಿ ಎಣ್ಣೆ ಬೇರೆ, ಅದರಲ್ಲಿ ಲಿನೋಲಿಯಿಕ್ ಕಡಿಮೆ. ಇಲ್ಲಿಯ ಜನ ಬಾಟಲಿ ಹಿಂದೆ ತಿರುಗಿಸಿ ಇಷ್ಟನ್ನೂ ಓದುತ್ತಾರೆ. ನಮ್ಮವರು ಮುಂದಿನ ಚಿತ್ರ ನೋಡಿ ಆರ್ಡರ್ ಮಾಡುತ್ತಾರೆ.

ನಮ್ಮೂರು ಮುಧೋಳದ ಕಡೆ. 2005ರಲ್ಲಿ ಅಂಚೆ ಚೀಟಿ ಮೇಲೆ ಬಂತಲ್ಲ, ಆ ನಾಯಿಗಳ ನಾಡು. ಅವ್ವ ಜೋಳದ ನುಚ್ಚಿಗೆ ಹಾಲು ಬೆರೆಸಿ, ಮೇಲೆ ನಾಲ್ಕು ಹನಿ ಕುಸುಬಿ ಎಣ್ಣೆ ಬಿಟ್ಟು ಇಡುತ್ತಿದ್ದಳು. ನಾಯಿಯ ಮೈ ಬಿಸಿಲಿಗೆ ಫಳಫಳ ಅನ್ನುತ್ತಿತ್ತು. ಆದರೆ ಅದೇ ಓಣಿಯಲ್ಲಿ, ಕಜ್ಜಿ ಹತ್ತಿದ ನಾಯಿಗೆ ಗ್ಯಾರೇಜಿನ ಸುಟ್ಟ ಆಯಿಲ್ ಬಳಿಯೋರೂ ಇದ್ದರು. ಈಗಲೂ ಇದ್ದಾರೆ. ಇದು ನನಗೆ ಸಹಿಸೋಕೆ ಆಗಲ್ಲ. ಕಜ್ಜಿ ತರೋದು ಕಣ್ಣಿಗೆ ಕಾಣದ ನುಸಿ. ಅದಕ್ಕೆ ಮದ್ದು ಪಶು ಆಸ್ಪತ್ರೆಯಲ್ಲಿದೆ. ಸುಟ್ಟ ಆಯಿಲ್ ಚರ್ಮವನ್ನು ಇನ್ನಷ್ಟು ಸುಡುತ್ತೆ, ನೆಕ್ಕಿಕೊಂಡರೆ ವಿಷ ಹೊಟ್ಟೆಗೂ ಹೋಗುತ್ತೆ. ಜರ್ಮನಿಯಲ್ಲಿ ನಾಯಿಗೆ ಎಣ್ಣೆ ಅಂದರೆ ಬಟ್ಟಲಿಗೆ ಹಾಕೋದು. ನಮ್ಮಲ್ಲಿ ಇನ್ನೂ ಮೈಗೆ ಮೆತ್ತೋದು. ಅವ್ವನಂಥವರಿಗೆ ತಿಳಿದಿದ್ದು ಊರಿಗೆಲ್ಲ ಯಾಕೆ ಹಬ್ಬಲಿಲ್ಲ? ಈಗ ಹುಡುಗರು ಸುಟ್ಟ ಆಯಿಲ್ ಬಿಟ್ಟರು ಸರಿ, ನೇರ ಸಾಲ್ಮನ್‌ಗೆ ಹಾರಿದರು. ನಡುವೆ ಅಡುಗೆಮನೆಯಲ್ಲಿದ್ದ ಎಣ್ಣೆ ಯಾರ ಕಣ್ಣಿಗೂ ಬೀಳಲಿಲ್ಲ.

ರೊಟ್ಟಿ, ಅನ್ನ, ಹಾಲಿನ ಮೇಲೆ ಬದುಕುವ ನಮ್ಮ ನಾಯಿಗಳಿಗೇ ಒಂದು ಚಮಚದ ಗುಣ ಜಾಸ್ತಿ ಕಾಣೋದು. ಒಳ್ಳೆ ಪೆಡಿಗ್ರಿ ಥರದ ಕಾಳು ತಿನ್ನೋ ನಾಯಿಗೆ ಎಷ್ಟೋ ಸಲ ಬೇಕಾಗೋದೇ ಇಲ್ಲ. ಇಪ್ಪತ್ತು ಕಿಲೋ ನಾಯಿಗೆ ದಿನಕ್ಕೆ ಒಂದು ಚಹಾ ಚಮಚ ಸಾಕು. ಅರ್ಧದಿಂದ ಶುರು ಮಾಡಬೇಕು. ಭೇದಿಯಾದರೆ ನಿಲ್ಲಿಸಬೇಕು. ಒಂದು ಚಮಚದಲ್ಲೇ 40 ಕ್ಯಾಲೊರಿ ಇರುತ್ತೆ, ಸುಮ್ನೆ ಸುರಿದರೆ ನಾಯಿ ದಪ್ಪಗಾಗುತ್ತೆ. ಹೊಸ ಕೂದಲು ಬರೋಕೆ ಆರರಿಂದ ಎಂಟು ವಾರ ಬೇಕು. ವಾರಕ್ಕೇ ಹೊಳಪು ಕೇಳಬಾರದು.

ಗಾಣದ ಎಣ್ಣೆ ಬಗ್ಗೆ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಊರಲ್ಲಿ ಅದನ್ನು ಹಳೇ ನೀರಿನ ಬಾಟಲಿಗೆ ತುಂಬಿ ಬಿಸಿಲು ಬೀಳೋ ಕಡೆ ಇಟ್ಟಿರುತ್ತಾರೆ. ಇಂಥ ಎಣ್ಣೆ ಬೇಗ ಮುಗ್ಗುತ್ತೆ. ಇಲ್ಲಿ ಕಪ್ಪು ಗಾಜು, ಮೇಲೆ ತಾರೀಖು, ತೆರೆದ ಮೇಲೆ ಫ್ರಿಜ್ಜು. ಈ ಶಿಸ್ತು ನಮಗೂ ಬರಬೇಕು.

ಅಣ್ಣನ ಮಗನಿಗೆ ಒಂದು ವಿಡಿಯೋ ಕಳಿಸು ಅಂದೆ. ನೋಡಿದರೆ ನಾಯಿ ಮುಂಗಾಲಿನ ಬೆರಳುಗಳ ಸಂದಿ ನೆಕ್ಕುತ್ತಲೇ ಇತ್ತು. ಕಿವಿಯ ಒಳಗೂ ಕೆಂಪು. ಇದು ಬರೀ ಒಣ ಚರ್ಮ ಅಲ್ಲ, ಅಲರ್ಜಿ ಇರಬಹುದು. ಅಂಥ ಉರಿಯೂತಕ್ಕೆ ಒಮೆಗಾ 3 ಬೇಕು, ಅದರಲ್ಲೂ ಮೀನಿನ ಎಣ್ಣೆಯಲ್ಲಿರೋ ಇಪಿಎ ಮತ್ತು ಡಿಎಚ್ಎ ಅನ್ನೋ ಕೊಬ್ಬು. ನಮ್ಮ ಅಗಸಿಯಲ್ಲೂ ಒಮೆಗಾ 3 ಇದೆ. ಆದರೆ ನಾಯಿಯ ಮೈ ಅದನ್ನು ಇಪಿಎ ಆಗಿ ಬದಲಾಯಿಸಿಕೊಳ್ಳೋದು ತೀರಾ ಕಡಿಮೆ. ಈ ವಿಷಯದಲ್ಲಿ ಸಾಲ್ಮನ್‌ಗೇ ಮೇಲುಗೈ. ಡಾಕ್ಟರಿಗೆ ತೋರಿಸಿ, ಅವರು ಹೂಂ ಅಂದರೆ ತರಿಸು ಅಂದೆ. ಆದರೆ ಕಾಡ್ ಲಿವರ್ ಎಣ್ಣೆ ತರಬೇಡ, ಅದರ ವಿಟಮಿನ್ ಎ, ಡಿ ಜಾಸ್ತಿಯಾದರೆ ನಾಯಿಗೆ ವಿಷ. ಬಾಟಲಿ ಹಿಂದೆ ಮೀನಿನ ಎಣ್ಣೆ ಎಷ್ಟು ಅಂತಲ್ಲ, ಇಪಿಎ, ಡಿಎಚ್ಎ ಎಷ್ಟು ಅಂತ ನೋಡು. 1000 ಮಿಲಿಗ್ರಾಂ ಸಾದಾ ಗುಳಿಗೆಯಲ್ಲಿ ಸಾಮಾನ್ಯವಾಗಿ ಇಪಿಎ 180, ಡಿಎಚ್ಎ 120 ಮಿಲಿಗ್ರಾಂ ಅಷ್ಟೇ ಇರೋದು.